ಎಂಜಿನ್ನಿಗೆ ಪೌಡರ್ ಕೋಟಿಂಗೋ, ಪೇಂಟೋ, ಬಫಿಂಗೋ? ನಮ್ಮ ಬಿಸಿಲು-ಧೂಳಿಗೆ ಯಾವುದು ಬಾಳಿಕೆ ಬರುತ್ತದೆ

ಹಳೆ ಬುಲೆಟ್ ಬಿಚ್ಚಿಸಿದವರು, ಆರ್‌ಎಕ್ಸ್ 100 ಹೊಸದಾಗಿ ಕಟ್ಟಿಸುವವರು, ಟ್ರ್ಯಾಕ್ಟರ್ ಎಂಜಿನ್ ಬೋರ್ ಮಾಡಿಸಲು ತಂದವರು, ಎಲ್ಲರೂ ಒಂದು ಹಂತದಲ್ಲಿ ಇದೇ ಪ್ರಶ್ನೆ ಕೇಳುತ್ತಾರೆ. "ಅಣ್ಣ, ಹೇಗೂ ಪೂರ್ತಿ ಬಿಚ್ಚಿದ್ದೀವಲ್ಲ, ಪೌಡರ್ ಕೋಟಿಂಗ್ ಮಾಡಿಸಿಬಿಡೋಣ್ವಾ? ಎಷ್ಟು ವರ್ಷ ಬರುತ್ತೆ?"

ಪೌಡರ್ ಕೋಟಿಂಗ್ ಅಂದರೆ ಒಣ ಬಣ್ಣದ ಪುಡಿ ಊದಿ ಓವನ್‌ನಲ್ಲಿ ಬೇಯಿಸುವ ಲೇಪ, ಬಫಿಂಗ್ ಅಂದರೆ ಲೋಹವನ್ನೇ ಉಜ್ಜಿ ಹೊಳಪು ತರುವುದು. ಬಳ್ಳಾರಿಯಲ್ಲಿ ಗ್ಯಾರೇಜ್ ಕೆಲಸ ಮಾಡುವ ನಾನು ಈ ಪ್ರಶ್ನೆಗೆ ಇಷ್ಟು ವರ್ಷ ಅಂತ ಹೇಳುವುದಿಲ್ಲ. ಯಾವ ಭಾಗಕ್ಕೆ ಅಂತ ತಿರುಗಿ ಕೇಳುತ್ತೇನೆ. ಅದೇ ಪೌಡರ್ ಕ್ಲಚ್ ಕವರ್ ಮೇಲೆ ವರ್ಷಗಟ್ಟಲೆ ಮಿಸುಕದೆ ಕೂರುತ್ತದೆ. ಅಲ್ಲಿಂದ ಒಂದು ಗೇಣು ಮುಂದಿರುವ, ಎಂಜಿನ್ನಿನಿಂದ ಸೈಲೆನ್ಸರಿಗೆ ಹೊಗೆ ಒಯ್ಯುವ ಬೆಂಡ್ ಪೈಪ್ ಮೇಲೆ ಹಾಕಿದರೆ ಒಂದು ಬೇಸಿಗೆಯೂ ದಾಟುವುದಿಲ್ಲ. ಹಾಗಾಗಿ ಎಂಜಿನ್ ಪೂರ್ತಿಗೆ ಒಂದೇ ಲೇಪ ಅನ್ನುವ ಯೋಚನೆಯನ್ನು ಮೊದಲು ಬಿಡಬೇಕು. ಒಂದೊಂದು ಭಾಗಕ್ಕೂ ಬೇರೆ ಬೇರೆಯಾಗಿ ಆರಿಸಬೇಕು.

ಮೊದಲು ಕಾವು ನೋಡಿ

ಬಣ್ಣ, ಹೊಳಪು, ರೇಟು ಎಲ್ಲ ಆಮೇಲೆ. ಆ ಭಾಗ ಎಷ್ಟು ಕಾಯುತ್ತದೆ ಅನ್ನುವುದೇ ಮೊದಲ ಲೆಕ್ಕ.

ನೀರಿನಿಂದ ತಂಪಾಗುವ ಎಂಜಿನ್ನಿನ ಟ್ಯಾಪೆಟ್ ಕವರ್, ಟೈಮಿಂಗ್ ಕವರ್, ಆಯಿಲ್ ಚೇಂಬರ್ ಸಾಮಾನ್ಯವಾಗಿ 90ರಿಂದ 120 ಡಿಗ್ರಿ ಒಳಗೇ ಇರುತ್ತವೆ. ಬೈಕಿನ ಕ್ಲಚ್ ಕವರ್, ಮ್ಯಾಗ್ನೆಟ್ ಕವರ್ ಕೂಡ ಹೆಚ್ಚುಕಮ್ಮಿ ಅಷ್ಟೇ. ಗಾಳಿಯಿಂದ ತಂಪಾಗುವ ಬೈಕಿನ ಹೆಡ್ (ಸಿಲಿಂಡರಿನ ಮೇಲಿನ ಮುಚ್ಚಳದ ಭಾಗ) ಬೇರೆ ಮಾತು. ಮೇ ತಿಂಗಳಲ್ಲಿ ರಾಯಚೂರಿನ 40 ದಾಟಿದ ಬಿಸಿಲಲ್ಲಿ, ಹಿಂದೆ ಒಬ್ಬರನ್ನು ಕೂರಿಸಿಕೊಂಡು ಓಡಿಸಿದರೆ ಪ್ಲಗ್ ಸುತ್ತಮುತ್ತ 150 ದಾಟಿ 200ರ ಹತ್ತಿರ ಹೋಗಬಹುದು. ಸೈಲೆನ್ಸರಿನ ಬೆಂಡ್ ಪೈಪ್, ಟ್ರ್ಯಾಕ್ಟರಿನ ಎಕ್ಸಾಸ್ಟ್ ಮ್ಯಾನಿಫೋಲ್ಡ್ ಲೋಡಿನಲ್ಲಿ 400 ಡಿಗ್ರಿ ಸುಲಭವಾಗಿ ದಾಟುತ್ತವೆ.

ಗೇಟು, ಕಿಟಕಿಗೆ ಬಳಸುವ ಸಾಮಾನ್ಯ ಪಾಲಿಯೆಸ್ಟರ್ ಪೌಡರ್ 120ರ ತನಕ ನೆಮ್ಮದಿಯಾಗಿರುತ್ತದೆ. 150ರ ತನಕ ತಡೆದುಕೊಳ್ಳುತ್ತದೆ ಅನ್ನಬಹುದು. 200 ಡಿಗ್ರಿಯಲ್ಲಿ ದಿನವೂ ಕಾದರೆ ಮೊದಲು ಹೊಳಪು ಹೋಗುತ್ತದೆ, ಬಿಳಿ-ಕೆನೆ ಬಣ್ಣ ಹಳದಿಗೆ ತಿರುಗುತ್ತದೆ, ಆಮೇಲೆ ಪೆಡಸಾಗಿ ಚಕ್ಕೆ ಏಳುತ್ತದೆ. ಸಿಲಿಕೋನ್ ಬೆರೆತ ಹೈ-ಟೆಂಪರೇಚರ್ ಪೌಡರ್ 500 ಡಿಗ್ರಿ ಆಚೆಗೂ ತಡೆಯುತ್ತದೆ. ಆದರೆ ಅದನ್ನು ಕೇಳಿ, ಡಬ್ಬದ ಮೇಲೆ ಓದಿ, ಆಮೇಲೆ ಮಾಡಿಸಬೇಕು. ಸುಮ್ನೆ "ಹೀಟ್ ತಡೆಯುತ್ತೆ" ಅಂದರೆ ಸಾಲದು.

ನಿಮ್ಮ ಗಾಡಿಯ ಕಾವು ಎಷ್ಟು ಅಂತ ಅಳೆಯಲು ಇನ್‌ಫ್ರಾರೆಡ್ ಗನ್ ಸಾಕು. ಕೊರೊನಾ ಕಾಲದಲ್ಲಿ ಹಣೆಗೆ ಹಿಡಿಯುತ್ತಿದ್ದ ಗನ್ ನಡೆಯುವುದಿಲ್ಲ, ಅದು ಮೈಯ ಜ್ವರದ ಮಟ್ಟಕ್ಕೇ ನಿಲ್ಲುತ್ತದೆ. ಎಲೆಕ್ಟ್ರಿಕಲ್ ಕೆಲಸದವರು, ಎಸಿ ಮೆಕ್ಯಾನಿಕ್‌ಗಳು ಇಟ್ಟುಕೊಳ್ಳುವ ಗನ್ ಬೇಕು. ಇನ್ನೊಂದು ವಿಷಯ. ಬಫಿಂಗ್ ಮಾಡಿದ ಅಲ್ಯೂಮಿನಿಯಂ ಮೇಲೆ ಈ ಗನ್ ನಿಜವಾದ ಕಾವಿಗಿಂತ ತುಂಬಾ ಕಡಿಮೆ ತೋರಿಸುತ್ತದೆ. ಹೊಳೆಯುವ ಲೋಹ ಕಿರಣ ಕಡಿಮೆ ಹೊರಬಿಡುವುದರಿಂದ ಹೀಗಾಗುತ್ತದೆ. ಆ ಜಾಗದಲ್ಲಿ ಮಾರ್ಕರ್‌ನಿಂದ ಕಪ್ಪು ಚುಕ್ಕೆ ಹಾಕಿ ಅದರ ಮೇಲೆ ಅಳೆಯಿರಿ. ಗನ್ ಇಲ್ಲದಿದ್ದರೆ ಬೆರಳ ತುದಿಯಿಂದ ಒಂದೇ ಹನಿ ನೀರು ಬಿಡಿ. ಚುರ್ರ್ ಅಂತ ಅಲ್ಲೇ ಆರಿದರೆ 100 ದಾಟಿದೆ. ಚೆನ್ನಾಗಿ ಕಾದ ದೋಸೆ ಹಂಚಿನ ಮೇಲಿನ ಹಾಗೆ ಹನಿ ಗುಂಡಗಾಗಿ ಓಡಾಡಿದರೆ 200ರ ಆಸುಪಾಸು. ಆ ಭಾಗಕ್ಕೆ ಸಾಮಾನ್ಯ ಪೌಡರ್ ಬೇಡ.

ಪೌಡರ್ ನಿಂತರೆ ಹೇಗೆ ನಿಲ್ಲುತ್ತದೆ

ಕೆಲಸ ನಡೆಯುವುದು ಹೀಗೆ. ಒಣ ಪುಡಿಗೆ ಗನ್ನಿನಲ್ಲಿ ವಿದ್ಯುತ್ ಚಾರ್ಜ್ ಕೊಟ್ಟು ಊದುತ್ತಾರೆ. ಅರ್ತ್ ಮಾಡಿದ ಲೋಹಕ್ಕೆ ಅದು ಅಂಟಿಕೊಳ್ಳುತ್ತದೆ. ನಂತರ ಓವನ್‌ನಲ್ಲಿ 180ರಿಂದ 200 ಡಿಗ್ರಿಯಲ್ಲಿ 10ರಿಂದ 20 ನಿಮಿಷ ಬೇಯಿಸುತ್ತಾರೆ. ಪುಡಿ ಕರಗಿ, ಹರಡಿ, ಗಟ್ಟಿ ಪದರವಾಗುತ್ತದೆ. ದಪ್ಪ ಸುಮಾರು 60ರಿಂದ 80 ಮೈಕ್ರಾನ್ (ಮಿಲಿಮೀಟರಿನ ಸಾವಿರದಲ್ಲೊಂದು ಪಾಲು ಒಂದು ಮೈಕ್ರಾನ್). ಅಂಗಡಿಯಲ್ಲಿ ಸಿಗುವ ಸ್ಪ್ರೇ ಬಾಟಲಿಯ ಒಂದು ಕೈ ಬಣ್ಣ ಇದರ ಕಾಲು ಭಾಗದಷ್ಟೂ ದಪ್ಪ ಬರುವುದು ಕಷ್ಟ.

ಈ ದಪ್ಪ, ಈ ಬೇಯುವಿಕೆಯೇ ಪೌಡರಿನ ಬಲ. ಸ್ಪ್ಯಾನರ್ ಜಾರಿ ಬಿದ್ದರೂ ಪೇಂಟಿನಷ್ಟು ಸುಲಭವಾಗಿ ಏಳುವುದಿಲ್ಲ. ಎಂಜಿನ್ ಆಯಿಲ್ ಚೆಲ್ಲಿದರೆ ಒರೆಸಿದರಾಯಿತು. ಕಾರ್ಬರೇಟರ್ ಸೋರಿ ಪೆಟ್ರೋಲ್ ಬಿದ್ದರೂ ಸಾಧಾರಣ ತಡೆಯುತ್ತದೆ. ಈಗ ಬಂಕಿನಲ್ಲಿ ಸಿಗುವುದು ಶೇ 20 ಎಥನಾಲ್ ಬೆರೆತ ಪೆಟ್ರೋಲ್. ಸಾದಾ ಸ್ಪ್ರೇ ಬಾಟಲಿಯ ಬಣ್ಣ ಅದಕ್ಕೆ ಕೂಡಲೇ ಸುಕ್ಕಾಗಿ ಏಳುತ್ತದೆ. ಬ್ರೇಕ್ ಆಯಿಲ್ ಮಾತ್ರ ಪೌಡರನ್ನೂ ಬಿಡುವುದಿಲ್ಲ, ಚೆಲ್ಲಿದ ಕೂಡಲೇ ನೀರು ಹಾಕಿ ತೊಳೆಯಬೇಕು.

ಬಿದ್ದರೆ ಯಾಕೆ ಬೀಳುತ್ತದೆ

ಇಲ್ಲಿ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ. ಎಂಜಿನ್ ಮೇಲೆ ಪೌಡರ್ ಕೆಡುವುದು ಬಹುಪಾಲು ಪೌಡರಿನ ತಪ್ಪಿನಿಂದ ಅಲ್ಲ. ಅದನ್ನು ಊದುವ ಮುಂಚೆ ನಡೆದ, ಅಥವಾ ನಡೆಯದೆ ಹೋದ ಕೆಲಸದಿಂದ.

ಸಿರುಗುಪ್ಪ ಕಡೆಯ ಒಬ್ಬ ಹುಡುಗ ತನ್ನ ಬುಲೆಟ್ಟಿನ ಕ್ಲಚ್ ಕವರ್ ತಂದು ತೋರಿಸಿದ. ಗ್ರಿಲ್, ಗೇಟಿಗೆ ಪೌಡರ್ ಹಾಕುವ ಒಂದು ಯೂನಿಟ್‌ನಲ್ಲಿ ಮಾಡಿಸಿದ್ದ. ದೂರದಿಂದ ಚೆನ್ನಾಗಿಯೇ ಇತ್ತು, ಒಳ್ಳೆ ಕಪ್ಪು. ಬಿಸಿಲಿಗೆ ಓರೆಯಾಗಿ ಹಿಡಿದರೆ ಮೈತುಂಬಾ ಸೂಜಿ ಚುಚ್ಚಿದಂಥ ತೂತು. ಕೆಲವು ತೂತಿನ ಬಾಯಲ್ಲಿ ಜೇನುಬಣ್ಣದ ಜಿಡ್ಡು ಒಣಗಿ ನಿಂತಿತ್ತು. ಉಗುರಿನಿಂದ ಒತ್ತಿದರೆ ಅಲ್ಲಿ ಪದರ ಟೊಳ್ಳು.

ಆಗಿದ್ದು ಇಷ್ಟು. ಎರಕದ ಅಲ್ಯೂಮಿನಿಯಂ ಒಳಗೆ ಕಣ್ಣಿಗೆ ಕಾಣದ ಸಣ್ಣ ರಂಧ್ರಗಳಿರುತ್ತವೆ. ವರ್ಷಾನುಗಟ್ಟಲೆ ಆಯಿಲ್ ಅದರೊಳಗೆ ಇಳಿದಿರುತ್ತದೆ. ಸೋಪು, ಪೆಟ್ರೋಲ್, ಥಿನ್ನರ್ ಹಾಕಿ ಉಜ್ಜಿದರೆ ಮೇಲಿನ ಜಿಡ್ಡು ಹೋಗುತ್ತದೆ, ಒಳಗಿನದು ಹಾಗೇ ಉಳಿಯುತ್ತದೆ. ಓವನ್‌ನಲ್ಲಿ 200 ಡಿಗ್ರಿ ತಲುಪಿದಾಗ ಒಳಗಿನ ಗಾಳಿ, ಆಯಿಲ್ ಎರಡೂ ಹಿಗ್ಗಿ ಹೊರಬರುತ್ತವೆ. ಕರಗುತ್ತಿರುವ ಪೌಡರನ್ನು ತೂರಿಕೊಂಡೇ ಬರಬೇಕಲ್ಲ, ಅಲ್ಲೇ ತೂತು ಬೀಳುತ್ತದೆ.

ಇದಕ್ಕೆ ಮದ್ದು ಸುಲಭ. ಪೌಡರ್ ಊದುವ ಮುಂಚೆ ಭಾಗವನ್ನು ಖಾಲಿಯಾಗಿ ಒಮ್ಮೆ ಓವನ್‌ಗೆ ಹಾಕಬೇಕು, ಆಮೇಲೆ ಪೌಡರ್ ಬೇಯಿಸುವ ಕಾವಿಗಿಂತ ಸ್ವಲ್ಪ ಜಾಸ್ತಿ ಕಾವಿನಲ್ಲಿ. ಬೆವರಿದ ಆಯಿಲ್ ಒರೆಸಿ, ಮತ್ತೆ ಬ್ಲಾಸ್ಟಿಂಗ್ ಮಾಡಿ (ಗಾಳಿಯ ಒತ್ತಡದಲ್ಲಿ ಸಣ್ಣ ಕಾಳು ಹೊಡೆದು ಮೈ ಶುಚಿ ಮಾಡಿ), ಬರಿಗೈ ತಾಗಿಸದೆ ಪೌಡರ್ ಊದಬೇಕು. ತುಂಬಾ ಆಯಿಲ್ ಕುಡಿದ ಕವರ್‌ಗಳಿಗೆ ಈ ಖಾಲಿ ಬೇಯಿಸುವಿಕೆ ಎರಡು ಸಲ ಬೇಕಾಗಬಹುದು. ಗೇಟಿನ ಪೈಪಿಗೆ ಇದ್ಯಾವುದೂ ಬೇಕಿಲ್ಲ. ಅದಕ್ಕೇ ಗೇಟು ಮಾಡುವವರಿಗೆ ಇದು ರೂಢಿಯಲ್ಲಿ ಇರುವುದಿಲ್ಲ. ನೀವೇ ಕೇಳಿ ಹೇಳಬೇಕು.

ಎರಡನೆಯದು ಬೇಯುವ ಹೊತ್ತು. 200 ಡಿಗ್ರಿ, 10 ನಿಮಿಷ ಅಂದರೆ ಲೋಹದ ಮೈ 200 ಮುಟ್ಟಿದ ಮೇಲಿನ 10 ನಿಮಿಷ. ಓವನ್ ಮೀಟರಿನಲ್ಲಿ 200 ಕಾಣಿಸಿದ ಮೇಲಿನ 10 ನಿಮಿಷ ಅಲ್ಲ. ತೆಳು ತಗಡಿಗೆ ಎರಡಕ್ಕೂ ಹೆಚ್ಚು ವ್ಯತ್ಯಾಸ ಇಲ್ಲ. ಬೀಡುಕಬ್ಬಿಣದ ದಪ್ಪ ಭಾಗ ಆ ಕಾವಿಗೆ ಬರಲು ತುಂಬಾ ಹೊತ್ತು ತೆಗೆದುಕೊಳ್ಳುತ್ತದೆ. ಗ್ರಿಲ್ ಜೊತೆಗೇ ಹಾಕಿ, ಗ್ರಿಲ್ ಜೊತೆಗೇ ತೆಗೆದರೆ ಬ್ಲಾಕಿನ ಮೇಲಿನ ಪೌಡರ್ ಅರೆಬೆಂದಿರುತ್ತದೆ. ನೋಡಲು ಏನೂ ಗೊತ್ತಾಗುವುದಿಲ್ಲ. ಹೊಳಪೂ ಬಂದಿರುತ್ತದೆ. ಮೊದಲ ಸಲ ಪೆಟ್ರೋಲ್ ಬಿದ್ದಾಗ ಮೆತ್ತಗಾಗುತ್ತದೆ, ಮೊದಲ ಕಲ್ಲೇಟಿಗೆ ಚಕ್ಕೆಯಾಗಿ ಹಾರುತ್ತದೆ. ನಡುವೆ ಕರೆಂಟ್ ಹೋದರೂ ಇದೇ ಗತಿ. ಆ ಯೂನಿಟ್‌ಗೆ ಜನರೇಟರ್ ಇದೆಯಾ ಅಂತ ಕೇಳುವುದರಲ್ಲಿ ತಪ್ಪೇನಿಲ್ಲ.

ಮೂರನೆಯದು ನಮ್ಮ ಕಡೆಗೇ ಸೇರಿದ ತೊಂದರೆ. ಪೌಡರ್ ಡಬ್ಬವನ್ನು 30 ಡಿಗ್ರಿ ಒಳಗಿನ ತಂಪಿನಲ್ಲಿ ಇಡಬೇಕು ಅಂತ ತಯಾರಿಸುವವರು ಹೇಳುತ್ತಾರೆ. ಏಪ್ರಿಲ್-ಮೇ ತಿಂಗಳಲ್ಲಿ ನಮ್ಮ ತಗಡಿನ ಶೆಡ್ಡಿನೊಳಗೆ ಎಷ್ಟಿರುತ್ತದೆ ಅಂತ ನಿಮಗೇ ಗೊತ್ತು. ಆ ಕಾವಿಗೆ ಪುಡಿ ಗಂಟುಕಟ್ಟುತ್ತದೆ. ಅರ್ಧ ಪ್ಯಾಕೆಟ್ ಬಳಸಿ ಬಾಯಿ ತೆರೆದಿಟ್ಟ ಪುಡಿ ಇನ್ನೂ ಬೇಗ ಕೆಡುತ್ತದೆ. ಊದುವಾಗ ಗನ್ ಉಗುಳುತ್ತದೆ, ಪದರ ಕಿತ್ತಳೆ ಸಿಪ್ಪೆಯಂತೆ ಉಬ್ಬುತಗ್ಗಾಗುತ್ತದೆ. ಕೆಲಸ ಕೊಡುವ ಮುಂಚೆ ಪುಡಿಯನ್ನು ಒಮ್ಮೆ ಕೈಯಲ್ಲಿ ಹಿಡಿದು ನೋಡಿ. ಗೋಧಿ ಹಿಟ್ಟಿನ ಹಾಗೆ ಸಲೀಸಾಗಿ ಜಾರಬೇಕು.

ಇನ್ನು ಪೌಡರಿನ ಜಾತಿ. ಅಲ್ಮೇರಾ, ಟೇಬಲ್, ಆಸ್ಪತ್ರೆ ಮಂಚಕ್ಕೆಲ್ಲ ಸಾಮಾನ್ಯವಾಗಿ ಎಪಾಕ್ಸಿ-ಪಾಲಿಯೆಸ್ಟರ್ ಬೆರೆತ ಪೌಡರ್ ಬಳಸುತ್ತಾರೆ. ಅದು ಮನೆಯೊಳಗಿನ ಸಾಮಾನಿಗೆ ಮಾಡಿದ್ದು. ನಮ್ಮ ಬಿಸಿಲಿಗೆ ನಿಂತರೆ ಮೇಲೆ ಸುಣ್ಣದಂತೆ ಪುಡಿ ಏಳುತ್ತದೆ, ಬಣ್ಣ ಮಂಕಾಗುತ್ತದೆ. ಬೈಕಿನ ಹೊರಗೆ ಕಾಣುವ ಭಾಗಕ್ಕೆ ಹೊರಾಂಗಣದ ಪ್ಯೂರ್ ಪಾಲಿಯೆಸ್ಟರ್ ಅಂತಲೇ ಹೇಳಿ ಹಾಕಿಸಿ. ಬಿಸಿಲು ಬೀಳದ, ಆಯಿಲ್ ಜಾಸ್ತಿ ತಾಗುವ ಭಾಗಕ್ಕೆ ಎಪಾಕ್ಸಿ ಒಳ್ಳೆಯದೇ.

ಬ್ಲಾಕು, ಹೆಡ್ಡಿನ ಫಿನ್‌ಗಳಿಗೆ ಹಾಕಿಸಬಹುದಾ?

ಫಿನ್ ಅಂದರೆ ಗಾಳಿಗೆ ತಂಪಾಗಲು ಎಂಜಿನ್ ಸುತ್ತ ಇರುವ ತೆಳು ರೆಕ್ಕೆಗಳು. ಇದರ ಬಗ್ಗೆ ವಾದ ಜಾಸ್ತಿ. ಪೌಡರ್ ಹಾಕಿದರೆ ಎಂಜಿನ್ ಬೇಯುತ್ತದೆ, ಸೀಜ್ ಆಗುತ್ತದೆ ಅಂತ ಹೆದರಿಸುವವರಿದ್ದಾರೆ. ಸರಿಯಾದ ದಪ್ಪದಲ್ಲಿ ಹಾಕಿದರೆ ಪದರ ತಡೆಯುವ ಕಾವು ತೀರಾ ಕಡಿಮೆ. ಅದಕ್ಕಿಂತ ಫಿನ್ ಸಂದಿಯಲ್ಲಿ ಆಯಿಲ್ ಜೊತೆ ಮೆತ್ತಿಕೊಂಡ ಅದಿರಿನ ಕೆಂಧೂಳು ನೂರು ಪಾಲು ಕೆಟ್ಟದ್ದು. ಸಂಡೂರು, ತೋರಣಗಲ್ಲು ಕಡೆ ಓಡುವ ಗಾಡಿಗಳ ಬ್ಲಾಕ್ ನೋಡಿದರೆ ಇದು ಗೊತ್ತಾಗುತ್ತದೆ.

ನಿಜವಾದ ತೊಂದರೆ ಬೇರೆ ಇದೆ. ಚಾರ್ಜ್ ಆದ ಪುಡಿ ಹತ್ತಿರದ ಅಂಚಿಗೇ ಮೊದಲು ಅಂಟುತ್ತದೆ, ಆಳದ ಸಂದಿಗೆ ಇಳಿಯುವುದಿಲ್ಲ. ಫ್ಯಾರಡೆ ಕೇಜ್ ಪರಿಣಾಮ ಅನ್ನುವುದು ಇದಕ್ಕೇ. ಫಿನ್ನಿನ ತುದಿಯಲ್ಲಿ ದಪ್ಪಗೆ ಕೂತು, ಬುಡದಲ್ಲಿ ಬರಿ ಲೋಹ ಉಳಿಯುತ್ತದೆ. ಹಳೆ ಬುಲೆಟ್ಟಿನ ಬೀಡಿನ ಬ್ಲಾಕಿಗೆ ಹೀಗಾದರೆ ಮೊದಲ ಮಳೆಗೇ ಬುಡದಲ್ಲಿ ತುಕ್ಕು. ಆ ತುಕ್ಕು ಮೆಲ್ಲಗೆ ಪದರದ ಅಡಿಗೆ ತೆವಳಿ, ಹಾಳೆಯಂತೆ ಎಬ್ಬಿಸುತ್ತದೆ. ಹೆಡ್ಡಿನ ಕಾವಿನ ಲೆಕ್ಕವೂ ಸೇರಿದರೆ ಇಲ್ಲಿ ಪೌಡರಿಗಿಂತ ತೆಳುವಾದ ಹೀಟ್‌ಪ್ರೂಫ್ ಪೇಂಟೇ ಮೇಲು ಅನ್ನುವುದು ನನ್ನ ಅಭಿಪ್ರಾಯ. ಅದು ಸಂದಿಗೆ ಇಳಿಯುತ್ತದೆ, ಕಾವಿಗೆ ಹೆದರುವುದಿಲ್ಲ, ಕೆಟ್ಟರೆ ಮನೆಯಲ್ಲೇ ಮತ್ತೆ ಹೊಡೆಯಬಹುದು.

ಹೀಟ್‌ಪ್ರೂಫ್ ಪೇಂಟ್

ಸಿಲಿಕೋನ್ ಆಧಾರದ ಈ ಪೇಂಟು ಕಪ್ಪು, ಬೆಳ್ಳಿ ಬಣ್ಣದಲ್ಲಿ ಸಿಗುತ್ತದೆ. ಒಳ್ಳೆಯ ಬೆಳ್ಳಿ ಬಣ್ಣದ್ದು 600 ಡಿಗ್ರಿ ತನಕ ಅಂತ ಡಬ್ಬದ ಮೇಲೇ ಬರೆದಿರುತ್ತದೆ. ಬೆಂಡ್ ಪೈಪ್, ಮ್ಯಾನಿಫೋಲ್ಡ್, ಬ್ಲಾಕಿಗೆ ನಮ್ಮ ಕೈಗೆಟುಕುವ ದಾರಿ ಇದೇ.

ಆದರೆ ಇದು ಹೊಡೆದು ಬಿಟ್ಟರೆ ಆಗುವ ಪೇಂಟ್ ಅಲ್ಲ. ಬಿಸಿಲಿಗೆ ಒಣಗಿದಂತೆ ಕಂಡರೂ ಸುಮಾರು 200 ಡಿಗ್ರಿ ಕಾವು ಕಾಣುವ ತನಕ ಇದು ಗಟ್ಟಿಯಾಗುವುದಿಲ್ಲ. ಅಲ್ಲಿಯ ತನಕ ಉಗುರಿಗೆ ಕೆರೆಯುತ್ತದೆ, ಪೆಟ್ರೋಲಿಗೆ ಕರಗುತ್ತದೆ. ತೆಳುವಾಗಿ ಎರಡು ಮೂರು ಕೈ ಹೊಡೆದು, ಮೊದಲು ಕೆಲವು ನಿಮಿಷ ಎಂಜಿನ್ ಚಾಲೂ ಮಾಡಿ ಆರಿಸಿ. ಮತ್ತೆ ಸ್ವಲ್ಪ ಹೆಚ್ಚು ಹೊತ್ತು ಓಡಿಸಿ ಆರಿಸಿ. ಹೀಗೆ ಮೆಟ್ಟಿಲು ಮೆಟ್ಟಿಲಾಗಿ ಕಾಯಿಸಬೇಕು. ಹೊಡೆದ ದಿನವೇ ಗಂಗಾವತಿಯಿಂದ ಸಿಂಧನೂರಿಗೆ ಎಳೆದರೆ ಗುಳ್ಳೆ ಬರುತ್ತದೆ. ಅಡಿಯಲ್ಲಿ ಮಾಮೂಲಿ ರೆಡ್ ಆಕ್ಸೈಡ್, ಪುಟ್ಟಿ ಹಾಕಲೇಬಾರದು. ಮೇಲಿನದು 600 ತಡೆದರೂ ಅಡಿಯದು ಸುಟ್ಟು ಎರಡೂ ಒಟ್ಟಿಗೆ ಬೀಳುತ್ತವೆ. ಬಾಳಿಕೆಯಲ್ಲಿ ಇದು ಪೌಡರಿಗೆ ಸಮ ಅಲ್ಲ, ಉಜ್ಜಾಟಕ್ಕೆ ಬೇಗ ಸವೆಯುತ್ತದೆ. ಆಗಾಗ ಮತ್ತೆ ಒಂದು ಕೈ ಹೊಡೆಯುತ್ತೇನೆ ಅಂತ ಒಪ್ಪಿಕೊಂಡೇ ಹಾಕಬೇಕು.

ಹಾರ್ಡ್‌ನರ್ ಬೆರೆಸುವ ಪಿಯು ಪೇಂಟ್

ಟ್ರ್ಯಾಕ್ಟರ್ ಇಟ್ಟವರಿಗೆ ನಾನು ಮೊದಲು ಹೇಳುವುದು ಈ ಪಿಯು, ಅಂದರೆ ಪಾಲಿಯುರೆಥೇನ್ ಪೇಂಟನ್ನೇ. ಕೆಲವರಿಗೆ ಆಶ್ಚರ್ಯ ಆಗುತ್ತದೆ, ಪೌಡರ್ ಅಷ್ಟು ಗಟ್ಟಿ ಅಂತೀರಿ, ಮತ್ತೆ ಟ್ರ್ಯಾಕ್ಟರಿಗೆ ಯಾಕೆ ಬೇಡ ಅಂತ.

ಕಾರಣ ರಿಪೇರಿ. ಕಾರಟಗಿ, ಸಿಂಧನೂರು, ಮಾನ್ವಿ ಕಡೆ ಭತ್ತದ ಗದ್ದೆಯಲ್ಲಿ ಕೆಸರು ಹೊಡೆಯುವ ಟ್ರ್ಯಾಕ್ಟರಿನ ಎಂಜಿನ್ನಿಗೆ ಕೆಸರು ಮೆತ್ತುತ್ತದೆ, ಒಣಗುತ್ತದೆ, ಚಮಚೆಯಲ್ಲೋ ಸ್ಕ್ರೂಡ್ರೈವರಿನಲ್ಲೋ ಕೆರೆಯುತ್ತಾರೆ. ಯೂರಿಯಾ ಚೀಲ ಅದರ ಮೇಲೇ ಸಾಗುತ್ತದೆ, ಉದುರಿದ ಗೊಬ್ಬರ ತೇವದ ಜೊತೆ ಸೇರಿ ಲೋಹ ತಿನ್ನುತ್ತದೆ. ಎಷ್ಟೇ ಗಟ್ಟಿ ಲೇಪ ಆದರೂ ಒಂದು ಕಡೆ ಚಕ್ಕೆ ಏಳುತ್ತದೆ. ಪೌಡರ್ ಎದ್ದರೆ ಅಲ್ಲಿಗೆ ಮಾತ್ರ ಮತ್ತೆ ಊದಲು ಆಗುವುದಿಲ್ಲ. ಭಾಗ ಬಿಚ್ಚಿ, ಪೂರ್ತಿ ಕಿತ್ತು, ಮತ್ತೆ ಓವನ್‌ಗೆ ಹಾಕಬೇಕು. ಸುಗ್ಗಿ ಹೊತ್ತಲ್ಲಿ ಟೈಮಿಂಗ್ ಕವರ್ ಬಿಚ್ಚಿ ಊರಿಗೆ ಕಳಿಸಲು ಯಾರಿಗೆ ಪುರುಸೊತ್ತಿದೆ? ಪಿಯು ಆದರೆ ಎಮರಿ ಪೇಪರ್ ಉಜ್ಜಿ, ಪ್ರೈಮರ್ ಹಾಕಿ, ಅಷ್ಟೇ ಜಾಗಕ್ಕೆ ಹೊಡೆದರಾಯಿತು. ಡೀಸೆಲ್, ಆಯಿಲ್ ಎರಡನ್ನೂ ತಡೆಯುತ್ತದೆ. ಕಾವು 120 ಡಿಗ್ರಿ ಒಳಗಿನ ಭಾಗಕ್ಕೆ ಸಾಕು.

ಒಂದು ಎಚ್ಚರಿಕೆ ಇದೆ. ಇದರ ಹಾರ್ಡ್‌ನರ್‌ನಲ್ಲಿ ಐಸೊಸಯನೇಟ್ ಇರುತ್ತದೆ. ಉಸಿರಿಗೆ ಹೋದರೆ ಆಸ್ತಮಾ ತರಬಲ್ಲದು. ಬಾಯಿಗೆ ಟವೆಲ್ ಕಟ್ಟಿಕೊಂಡು ಹೊಡೆಯುವ ಹುಡುಗರನ್ನು ನೋಡಿದರೆ ಸಂಕಟ ಆಗುತ್ತದೆ. ಸರಿಯಾದ ಫಿಲ್ಟರ್ ಮಾಸ್ಕ್ ಬೇಕೇ ಬೇಕು, ಬಯಲಿನಲ್ಲೇ ಹೊಡೆಯಬೇಕು. ಬ್ಲಾಸ್ಟಿಂಗ್‌ಗೆ ಹೊಳೆ ಮರಳು ಬಳಸುವ ಕಡೆಗೂ ಇದೇ ಮಾತು, ಆ ಧೂಳು ಶ್ವಾಸಕೋಶಕ್ಕೆ ಸಿಲಿಕೋಸಿಸ್ ತರುತ್ತದೆ. ಗಾಜಿನ ಮಣಿ ಅಥವಾ ಅಲ್ಯೂಮಿನಿಯಂ ಆಕ್ಸೈಡ್ ಬಳಸುವವರ ಹತ್ತಿರ ಕೆಲಸ ಕೊಡಿ. ಗಾಜಿನ ಮಣಿಗಾದರೆ ಅಲ್ಯೂಮಿನಿಯಂ ಕವರಿನ ಮೈಯೂ ತೀರಾ ಒರಟಾಗುವುದಿಲ್ಲ.

ಬಫಿಂಗ್, ಕ್ರೋಮ್, ಉಳಿದವು

ಬಫಿಂಗ್ ಮಾಡಿದ ಅಲ್ಯೂಮಿನಿಯಂ ಮೇಲೆ ಲೇಪವೇ ಇಲ್ಲ, ಏಳುವ ಪ್ರಶ್ನೆಯೂ ಇಲ್ಲ. ಕಾವಿಗೂ ಅದಕ್ಕೂ ಜಗಳ ಇಲ್ಲ. ಹಳೆ ಬುಲೆಟ್ಟಿಗೆ ಅದೇ ಅಂದ ಅಂತ ನಾನೂ ಒಪ್ಪುತ್ತೇನೆ. ಆದರೆ ನಿಯಮಿತವಾಗಿ ಪಾಲಿಶ್ ಹಾಕಿ ಉಜ್ಜುವ ತಾಳ್ಮೆ ಇರಬೇಕು. ಶಕ್ತಿನಗರದ ಬೂದಿ, ಗಿಣಿಗೇರಿ ಸುತ್ತಿನ ಕಾರ್ಖಾನೆಗಳ ಕಪ್ಪು ಧೂಳು ದಿನವೂ ಬೀಳುವ ಕಡೆ ಬಟ್ಟೆಯಿಂದ ಒಣದಾಗಿ ಒರೆಸಿದರೆ ಗೀರು ಬೀಳುತ್ತದೆ, ಮೊದಲು ನೀರು ಬಿಡಬೇಕು. ಬಫಿಂಗ್ ಮೇಲೆ ಕ್ಲಿಯರ್ ಪೌಡರ್ ಹಾಕಿಸಿಬಿಡೋಣ, ಉಜ್ಜುವ ಕೆಲಸ ತಪ್ಪುತ್ತದೆ ಅನ್ನುವವರಿಗೆ ಬೇಡ ಅಂತಲೇ ಹೇಳುತ್ತೇನೆ. ನುಣುಪು ಲೋಹಕ್ಕೆ ಪೌಡರ್ ಹಿಡಿಯಲು ಹಲ್ಲೇ ಇರುವುದಿಲ್ಲ. ಕ್ಲಿಯರ್ ಹಳದಿಯಾಗುತ್ತದೆ, ಅಂಚಿನಿಂದ ಒಳಗೆ ಬಿಳಿ ಗೆರೆಗಳು ಹುಳದ ಹಾದಿಯಂತೆ ಹರಡುತ್ತವೆ.

ಕ್ರೋಮ್ ಬೆಂಡ್ ಪೈಪಿಗೆ ಸರಿ. ಹೆಡ್ಡಿನ ಹತ್ತಿರ ನೀಲಿ ಬರುವುದನ್ನು ತಪ್ಪಿಸಲು ಆಗುವುದಿಲ್ಲ. ಅಡಿಯ ನಿಕ್ಕಲ್ ತೆಳುವಾಗಿದ್ದರೆ ಬೇಗ ತುಕ್ಕಿನ ಚುಕ್ಕೆ ಬರುತ್ತದೆ. ಆನೊಡೈಸಿಂಗ್ (ವಿದ್ಯುತ್ತಿನಿಂದ ಅಲ್ಯೂಮಿನಿಯಂ ಮೇಲೆ ಆಕ್ಸೈಡ್ ಪದರ ಬೆಳೆಸುವುದು) ಲೇತಿನಲ್ಲಿ ತಯಾರಾದ ಭಾಗಕ್ಕೆ ಚೆಂದ, ಎರಕದ ಕವರ್‌ಗೆ ತೇಪೆ ತೇಪೆಯಾಗಿ ಬೂದು ಬಣ್ಣ ಬರುತ್ತದೆ. ಎಕ್ಸಾಸ್ಟಿಗೆ ಹಾಕುವ ಸೆರಾಮಿಕ್ ಕೋಟಿಂಗ್ ಎಲ್ಲದಕ್ಕಿಂತ ಬಾಳಿಕೆ, ಎಲ್ಲದಕ್ಕಿಂತ ದುಬಾರಿ. ಕಾರ್ ವಾಶಿಂಗ್ ಅಂಗಡಿಯಲ್ಲಿ ಬಾಡಿ ಮೇಲೆ ಹಚ್ಚುವ ಸೆರಾಮಿಕ್ ಅದಲ್ಲ, ಅದನ್ನು ಸೈಲೆನ್ಸರಿಗೆ ಹಚ್ಚಿಸಬೇಡಿ. ಬೋಲ್ಟ್, ನಟ್‌ಗೆ ಝಿಂಕ್ ಪ್ಲೇಟಿಂಗ್ ಬಿಟ್ಟು ಬೇರೇನೂ ಬೇಡ.

ಓವನ್‌ಗೆ ಹೋಗಬಾರದ ಭಾಗಗಳು

ತಾಮ್ರ-ಹಿತ್ತಾಳೆಯ ಹಳೆ ರೇಡಿಯೇಟರನ್ನು ಓವನ್‌ಗೆ ಹಾಕಲೇಬೇಡಿ. ಸೀಸ-ತವರದ ಬೆಸುಗೆಯಲ್ಲಿ ಕೆಲವು 183 ಡಿಗ್ರಿಗೇ ಕರಗುತ್ತವೆ, ಓವನ್ ಇರುವುದು 200ರಲ್ಲಿ. ಬೇರಿಂಗ್, ಆಯಿಲ್ ಸೀಲ್, ಓ-ರಿಂಗ್ ಒಳಗೇ ಇಟ್ಟು ಕೊಡಬೇಡಿ. ಕಾದಾಗ ಅಲ್ಯೂಮಿನಿಯಂ ಉಕ್ಕಿಗಿಂತ ಹತ್ತಿರತ್ತಿರ ಎರಡು ಪಟ್ಟು ಹಿಗ್ಗುತ್ತದೆ, ಪ್ರೆಸ್ ಮಾಡಿ ಕೂರಿಸಿದ ಬುಷ್ ಓವನ್‌ನಲ್ಲೇ ಕಳಚಿ ಬೀಳಬಹುದು. ಹಳೆ ಪೌಡರ್ ಕೀಳಲು ಕೆಲವರು ಭಾಗವನ್ನು ಬೆಂಕಿಯಲ್ಲೇ ಸುಡುತ್ತಾರೆ. ಕಬ್ಬಿಣಕ್ಕೆ ನಡೆದೀತು. ಅಲ್ಯೂಮಿನಿಯಂ ಆ ಕಾವಿಗೆ ಮೆತ್ತಗಾಗುತ್ತದೆ, ಹದ ಕಳೆದುಕೊಳ್ಳುತ್ತದೆ.

ಕ್ರ್ಯಾಂಕ್‌ಕೇಸಿನ ಒಳಮೈಗೆ ಪೌಡರ್ ಬೇಡವೇ ಬೇಡ. ಒಂದು ಚಕ್ಕೆ ಎದ್ದು ಆಯಿಲ್ ಜಾಲರಿಗೆ ಸಿಕ್ಕಿದರೆ ಎಂಜಿನ್ನೇ ಹೋಗುತ್ತದೆ. ಬ್ಲಾಸ್ಟಿಂಗ್ ಮಾಡಿದ ಮೇಲೆ ಆಯಿಲ್ ದಾರಿಗಳಲ್ಲಿ ಒಂದು ಕಾಳು ಉಳಿದರೂ ಬೇರಿಂಗ್ ಕೆರೆಯುತ್ತದೆ. ಕೊಡುವ ಮುಂಚೆ ಎಲ್ಲ ತೂತಿಗೂ ರಬ್ಬರ್ ಬಿರಡೆ ಹಾಕಿಸಿ, ಬಂದ ಮೇಲೆ ಬಿಸಿನೀರು, ಆಮೇಲೆ ಕಂಪ್ರೆಸರ್ ಗಾಳಿಯಲ್ಲಿ ಊದಿ ತೊಳೆಯಿರಿ.

ಪ್ಯಾಕಿಂಗ್ ಕೂರುವ ಮೈ, ಬೋಲ್ಟಿನ ಆಟೆ (ಥ್ರೆಡ್), ಬೋಲ್ಟಿನ ತಲೆ ಕೂರುವ ಜಾಗ, ಬೇರಿಂಗ್ ಕೂರುವ ಗೂಡು ಇವೆಲ್ಲಕ್ಕೂ ಕಾವು ತಡೆಯುವ ಟೇಪ್ ಸುತ್ತಿಸಬೇಕು. ಪ್ಯಾಕಿಂಗ್ ಮೈಯಲ್ಲಿ 80 ಮೈಕ್ರಾನ್ ಏರುಪೇರಾದರೂ ಆಯಿಲ್ ಸೋರಲು ಸಾಕು. ಎಂಜಿನ್ ಅರ್ತ್ ವೈರ್ ಕೂರುವ ಜಾಗವನ್ನು ಬಹಳ ಜನ ಮರೆಯುತ್ತಾರೆ. ಪೌಡರ್ ವಿದ್ಯುತ್ ಹರಿಯಲು ಬಿಡುವುದಿಲ್ಲ. ಎಲ್ಲ ಕಟ್ಟಿದ ಮೇಲೆ ಸೆಲ್ಫ್ ತಿರುಗುವುದಿಲ್ಲ, ಬ್ಯಾಟರಿ ಬದಲಿಸುತ್ತಾರೆ, ರಿಲೇ ಬದಲಿಸುತ್ತಾರೆ. ಕೊನೆಗೆ ನೋಡಿದರೆ ವೈರಿನ ಅಡಿಯಲ್ಲಿ ಚೆಂದದ ಕಪ್ಪು ಪದರ.

ಕೈಗೆ ಬಂದಾಗ ಪರೀಕ್ಷೆ

ದುಡ್ಡು ಕೊಡುವ ಮುಂಚೆ ಬಿಸಿಲಿಗೆ ಓರೆಯಾಗಿ ಹಿಡಿದು ಸೂಜಿತೂತು ನೋಡಿ. ಹತ್ತಿಯನ್ನು ಥಿನ್ನರಿನಲ್ಲಿ ಅದ್ದಿ, ಕಾಣದ ಒಂದು ಮೂಲೆಯಲ್ಲಿ ಹಿಂದೆಮುಂದೆ 25 ಸಲ ಉಜ್ಜಿ. ಹೊಳಪು ಸ್ವಲ್ಪ ಮಂಕಾದರೆ ಚಿಂತೆ ಇಲ್ಲ. ಮೈ ಅಂಟಂಟಾದರೆ, ಹತ್ತಿಗೆ ಬಣ್ಣ ದಂಡಿಯಾಗಿ ಬಂದರೆ ಅರೆಬೆಂದಿದೆ, ಮತ್ತೆ ಓವನ್‌ಗೆ ಹಾಕಲು ಹೇಳಿ.

ಹಿಡಿತ ನೋಡಲು ಒಂದು ತುಂಡು ತಗಡನ್ನು ನಿಮ್ಮ ಭಾಗದ ಜೊತೆಗೇ ಮಾಡಿಸಿಕೊಳ್ಳಿ. ಅದರ ಮೇಲೆ ಬ್ಲೇಡಿನಿಂದ ಉದ್ದಕ್ಕೂ ಅಡ್ಡಕ್ಕೂ ಲೋಹ ಮುಟ್ಟುವ ಹಾಗೆ ಸಣ್ಣ ಚೌಕುಳಿ ಗೀರಿ. ಗಟ್ಟಿ ಸೆಲ್ಲೋ ಟೇಪ್ ಒತ್ತಿ ಅಂಟಿಸಿ, ಒಂದೇ ಏಟಿಗೆ ಎಳೆಯಿರಿ. ಟೇಪಿನ ಜೊತೆ ಚೌಕ ಎದ್ದು ಬಂದರೆ ಆ ಯೂನಿಟ್‌ನ ತೊಳೆಯುವ ಕೆಲಸ ಸರಿಯಿಲ್ಲ ಅಂತ ಅರ್ಥ. ಕಬ್ಬಿಣಕ್ಕೆ ಫಾಸ್ಫೇಟ್ ತೊಟ್ಟಿಯಲ್ಲಿ ಅದ್ದಿ ತೆಗೆಯುತ್ತಾರಾ ಅಂತಲೂ ಕೇಳಿ. ಪದರದ ಅಡಿಯಲ್ಲಿ ತುಕ್ಕು ತೆವಳದ ಹಾಗೆ ತಡೆಯುವುದು ಆ ಫಾಸ್ಫೇಟ್. ಅಲ್ಯೂಮಿನಿಯಂಗೆ ಅದರದೇ ಬೇರೆ ಕೆಮಿಕಲ್ ಇದೆ, ಒಂದೇ ತೊಟ್ಟಿ ಎರಡಕ್ಕೂ ಆಗುವುದಿಲ್ಲ.

ಹಾಗಾದರೆ ನಿಮಗೆ ಯಾವುದು?

ದಿನವೂ ಓಡುವ ಬೈಕು, ಕ್ಲಚ್ ಕವರ್, ಮ್ಯಾಗ್ನೆಟ್ ಕವರ್, ಎಂಜಿನ್ ಪಟ್ಟಿಗಳು: ಪೌಡರ್, ಕಣ್ಣು ಮುಚ್ಚಿ. ಖಾಲಿ ಬೇಯಿಸುವ ಕೆಲಸ ಮಾಡುವವರು ಸಿಕ್ಕರೆ ಮಾತ್ರ. ಸಿಗದಿದ್ದರೆ ಪಿಯು ಹೊಡೆಸಿ, ಕೆಟ್ಟ ಪೌಡರಿಗಿಂತ ಒಳ್ಳೆ ಪೇಂಟ್ ಎಷ್ಟೋ ವಾಸಿ. ಬ್ಲಾಕು, ಹೆಡ್ಡು, ಬೆಂಡ್ ಪೈಪಿಗೆ ಹೀಟ್‌ಪ್ರೂಫ್. ಗದ್ದೆಗಿಳಿಯುವ ಟ್ರ್ಯಾಕ್ಟರಿಗೆ ಪಿಯು, ಅದರ ಮ್ಯಾನಿಫೋಲ್ಡಿಗೆ ಬೆಳ್ಳಿ ಬಣ್ಣದ ಹೀಟ್‌ಪ್ರೂಫ್. ಒಂದು ಕಡೆ ನಿಂತು ಓಡುವ ಡೀಸೆಲ್ ಎಂಜಿನ್, ಜನರೇಟರ್‌ಗಳ ತಗಡಿನ ಕವರ್, ಫ್ಯಾನ್ ಗಾರ್ಡ್‌ಗೆ ಪೌಡರ್ ಹೇಳಿ ಮಾಡಿಸಿದ್ದು. ಅಲ್ಲಿ ಗ್ರಿಲ್ ಯೂನಿಟ್‌ನವರೇ ಸಾಕು, ತಗಡು ಅವರ ಕೈಗೆ ಪಳಗಿದ ಕೆಲಸ.

ಫಿನಿಶ್ ಬಗ್ಗೆ ಕೇಳಿದರೆ, ಅದಿರಿನ ರಸ್ತೆಯಲ್ಲಿ ಓಡುವವರಿಗೆ ಗರಗರ ಅನ್ನುವ ಟೆಕ್ಸ್ಚರ್ ಬೇಡ. ಎರಕದ ಸಣ್ಣ ಕುಂದು ಮುಚ್ಚಲು ಅದು ಚೆನ್ನಾಗಿದೆ, ಆದರೆ ಕೆಂಧೂಳು ಅದರೊಳಗೆ ಕೂತರೆ ಬ್ರಷ್ ಹಾಕಿದರೂ ಬರುವುದಿಲ್ಲ. ಸೆಮಿ ಗ್ಲಾಸ್ ಕಪ್ಪು ತೊಳೆಯಲು ಸುಲಭ.

ತೊಳೆಯುವುದಕ್ಕೆ ಬೋರ್ ನೀರೇ ಗತಿ ಆದರೆ ಎಂಜಿನ್ ಆರಿದ ಮೇಲೆ ತೊಳೆದು, ಕೂಡಲೇ ಬಟ್ಟೆಯಿಂದ ಒರೆಸಿ. ಕೊಪ್ಪಳ, ರಾಯಚೂರಿನ ಎಷ್ಟೋ ಊರಿನ ಗಡಸು ನೀರು ಬಿಸಿ ಎಂಜಿನ್ ಮೇಲೆ ಆರಿದರೆ ಬಿಳಿ ಕಲೆ ಕಚ್ಚಿಕೊಳ್ಳುತ್ತದೆ, ಅದನ್ನು ಆಸಿಡ್ ಹಾಕಿ ಉಜ್ಜಲು ಹೋದರೆ ಪದರದ ಹೊಳಪೇ ಹೋಗುತ್ತದೆ. ಡೀಸೆಲ್ ಹೊಡೆದು ತೊಳೆದವರು ಶ್ಯಾಂಪೂ ನೀರಿನಲ್ಲಿ ಮತ್ತೊಮ್ಮೆ ತೊಳೆಯಲೇಬೇಕು, ಇಲ್ಲದಿದ್ದರೆ ಉಳಿದ ಜಿಡ್ಡಿಗೆ ಧೂಳೆಲ್ಲ ಬಂದು ಮೆತ್ತುತ್ತದೆ. ಟ್ರ್ಯಾಕ್ಟರಿನವರು ಮುಂಗಾರಿಗೆ ಕಾಲುವೆಗೆ ನೀರು ಬಿಡುವ ಮುಂಚೆಯೇ ಕೆಲಸ ಮುಗಿಸಿಕೊಳ್ಳಿ. ಪಿಯು ಮುಟ್ಟಲು ಬೇಗ ಒಣಗಿದರೂ ಒಳಗೆ ಪೂರ್ತಿ ಗಟ್ಟಿಯಾಗಲು ಸುಮಾರು ಒಂದು ವಾರ ಬೇಕು. ಪೌಡರ್ ಮಾಡಿಸಿ ಕಟ್ಟಿದ ಬೈಕನ್ನು ಸ್ವಲ್ಪ ದಿನ ಓಡಿಸಿದ ಮೇಲೆ ಎಂಜಿನ್ ಫೌಂಡೇಶನ್ ಬೋಲ್ಟ್‌ಗಳನ್ನು ಇನ್ನೊಮ್ಮೆ ಟೈಟ್ ಮಾಡಿಸಿ. ಬೋಲ್ಟಿನ ತಲೆಯ ಅಡಿಯಲ್ಲಿ ಎಲ್ಲಾದರೂ ಪೌಡರ್ ಉಳಿದಿದ್ದರೆ ಕಾವಿಗೆ ಅದು ಅಮುಕಿಕೊಂಡು ಬೋಲ್ಟ್ ಸಡಿಲ ಬಿಟ್ಟಿರುತ್ತದೆ.